ಅರ್ಧ ಉಪ್ಪು

ಬುಧವಾರ ಸಂಜೆ ನನ್ನ ಕೆಲಸ ತಲೆ ತೆಗೆಯುವುದು.
ಹೆದರಬೇಡಿ, ಜೋಳದ ತಲೆ.
ಸುಣ್ಣದ ನೀರಲ್ಲಿ ಕುದಿದು ಸಿಪ್ಪೆ ಸುಲಿಸಿಕೊಂಡ
ದವಡೆ ಹಲ್ಲಿನಷ್ಟು ದಪ್ಪ ಬಿಳಿ ಕಾಳು,
ಬುಡದಲ್ಲೊಂದು ಕಂದು ಮೂತಿ.
ಉಗುರಲ್ಲಿ ಚಿವುಟಿ ಎಸೆದರೆ
ರಾತ್ರಿಯಿಡೀ ಬೆಂದು ನಸುಕಿಗೆ ಅರಳುತ್ತದೆ.
ಚಿವುಟದಿದ್ದರೆ
ಎಷ್ಟು ಸೌದೆ ಸುಟ್ಟರೂ ಬಿಗಿದ ಮುಷ್ಟಿ.

ಚಿಲಾಪಾದಲ್ಲಿ ಗುರುವಾರ ಅಂದರೆ ಪೊಸೋಲೆ.
ಯಾಕೆ ಗುರುವಾರವೇ ಎಂದು ಕೇಳಿ ನೋಡಿ,
ಒಬ್ಬೊಬ್ಬರದು ಒಂದೊಂದು ಕತೆ,
ಹೇಳುತ್ತ ಹೇಳುತ್ತ ಎರಡನೇ ಬಟ್ಟಲು ಮುಗಿಸಿರುತ್ತಾರೆ.

ನಮ್ಮ ಹಿತ್ತಿಲಲ್ಲಿ ಒಲೆ ಒಂದು, ಹಂಡೆ ಒಂದು.
ಅಂಗಡಿ ಎರಡು.
ಗೋಡೆ ಬೀದಿಯಿಂದ ಹೊರಟು
ಅಜ್ಜಿಯ ಊಟದ ಮನೆಯನ್ನು ಸೀಳಿ
ಹಿತ್ತಿಲ ತನಕ ಬಂದು
ಹಂಡೆಯೆದುರು ನಿಂತುಬಿಟ್ಟಿದೆ.

ಎಡಕ್ಕೆ ದೊಡ್ಡಮ್ಮ ದೊಮಿತಿಲಾ.
ತನ್ನ ಪಾಲು ತೋಡಿಕೊಂಡು
ಹುರಿದ ಕುಂಬಳಬೀಜ, ಹಸಿಮೆಣಸು,
ನನಗೂ ಹೆಸರು ಹೇಳದ ನಾಲ್ಕು ಸೊಪ್ಪು
ಅರೆದು ಕದಡಿ ಹಸಿರು ಮಾಡುತ್ತಾಳೆ.
ಬಲಕ್ಕೆ ಚಿಕ್ಕಮ್ಮ ಎರ್ಲಿಂದಾ.
ಬಿಳಿಗೆ ಬಣ್ಣ ಬಳಿಯುವುದು ಅಧಿಕಪ್ರಸಂಗ, ಅವಳ ಪ್ರಕಾರ.

ಹನ್ನೊಂದು ವರ್ಷವಾಯಿತು ಮಾತು ನಿಂತು.
ಅಜ್ಜಿಯ ಸೌಟಿಗಾಗಿ ಅನ್ನುತ್ತಾರೆ.
ಸೌಟು ಇಬ್ಬರಲ್ಲೂ ಇಲ್ಲ.

ತಾಳೆಗರಿಯ ಟೋಪಿ ಹೆಣೆಯುವ ಒದಿಲೋನ್ ಮಾತ್ರ
ಒಂದು ವಾರ ಎಡಕ್ಕೆ, ಒಂದು ವಾರ ಬಲಕ್ಕೆ.
ಕೂತವನೇ ಟೋಪಿಯನ್ನು ಮೊಣಕಾಲಿಗೆ ತೊಡಿಸಿ
ನಿಂಬೆ ಹಿಂಡುತ್ತಾನೆ,
ಈರುಳ್ಳಿ, ಮೂಲಂಗಿ, ಬೆಣ್ಣೆಹಣ್ಣಿನ ಹೋಳು,
ಡಬ್ಬಿಯ ಬೂತಾಯಿ ಮೀನು, ಹುರಿದು ಉಬ್ಬಿದ ಹಂದಿ ಚರ್ಮ.
ಒರೆಗಾನೊ ಅಂಗೈಯಲ್ಲಿ ಉಜ್ಜಿ
ನಸ್ಯದ ಹಾಗೆ ಒಮ್ಮೆ ಮೂಸಿ ಉದುರಿಸುತ್ತಾನೆ.
ಕಡಕ್ ರೊಟ್ಟಿ ಮುರಿದ ಸದ್ದಾದರೆ
ಊಟ ಶುರುವಾಯಿತು ಎಂದರ್ಥ.
ಅಲ್ಲಿಯವರೆಗೆ ಯಾರೂ ಅವನನ್ನು ಮಾತಾಡಿಸುವಂತಿಲ್ಲ.

ಉಪ್ಪಿನ ಸಂಗತಿ ಮಾತ್ರ
ಅವನಿಗೂ ಗೊತ್ತಿಲ್ಲ, ನನಗೆ ಗೊತ್ತು.
ನಾಲ್ಕು ಗಂಟೆಗೆ ದೊಡ್ಡಮ್ಮ ಬರುತ್ತಾಳೆ. ಮೂರು ಹಿಡಿ.
ಐದಕ್ಕೆ ಚಿಕ್ಕಮ್ಮ. ಮೂರು ಹಿಡಿ.
ಆರು ಹಿಡಿಯ ಹಂಡೆ ಅದು, ಅಜ್ಜಿಯ ಲೆಕ್ಕ.
ಹನ್ನೊಂದು ವರ್ಷದಲ್ಲಿ
ಒಬ್ಬಳೂ ಸೌಟೆತ್ತಿ ರುಚಿ ನೋಡಿದವಳಲ್ಲ.

ಈ ಗುರುವಾರ ಚಿಕ್ಕಮ್ಮನಿಗೆ ಜ್ವರ.
ಐದಾಯಿತು. ಐದೂವರೆ.
ಬಲಗಡೆಯ ಬಾಗಿಲು ತೆರೆಯಲಿಲ್ಲ.
ದೊಡ್ಡಮ್ಮ ಬಂದಳು, ಸೌದೆ ಸರಿಸಿದಳು,
ಇನ್ನೊಮ್ಮೆ ಬಂದಳು, ಸರಿಯಿದ್ದ ಸೌದೆಯನ್ನೇ ಸರಿಸಿದಳು.
ಉಪ್ಪು ಸಾಲದು ದೊಡ್ಡಮ್ಮ, ಅಂದೆ.
ಗೊತ್ತು.
ನಾನು ಹಾಕಲಾ?
ಮುಟ್ಟಿದರೆ ಕೈ ಮುರಿದೇನು. ಅದು ನನ್ನ ಪಾಲಿಂದಲ್ಲ.

ಅವತ್ತು ಊರಿಗೆ ಊರೇ ಸಪ್ಪೆ ಉಂಡಿತು.
ಬಲಗಡೆಯ ಗಿರಾಕಿಗಳೂ ಎಡಕ್ಕೇ ಬಂದರು, ಸಂಕೋಚದಿಂದ.
ಬಿಳಿ ಕೇಳಿದವರಿಗೆ ಬಿಳಿಯನ್ನೇ ಬಡಿಸಿದಳು.
ಅದರ ಕಾಸು
ಬೇರೆ ಡಬ್ಬಿಗೆ ಹಾಕಿದಳು.
ಒದಿಲೋನ್ ಒಂದು ಚಮಚ ಉಂಡು ತಡೆದ.
ಮೆಸ್ಕಾಲ್ ಜೊತೆ ನೆಕ್ಕಲೆಂದು
ಮುಂಗೈ ಮೇಲೆ ಇಟ್ಟುಕೊಂಡಿದ್ದ ಉಪ್ಪನ್ನು
ಬಟ್ಟಲಿಗೆ ಝಾಡಿಸಿ ಕದಡಿದ,
ಯಾವತ್ತು ಏಳುತ್ತಾಳಂತೆ ಎಂದ, ಟೋಪಿಯನ್ನು ಕೇಳುವವನ ಹಾಗೆ.
ಇನ್ನೊಂದು ರೊಟ್ಟಿ ಬೇಕಾ, ಅಂದಳು ದೊಡ್ಡಮ್ಮ.

ಮಧ್ಯಾಹ್ನ ಕಳೆದ ಮೇಲೆ
ಯಾರೂ ಹೇಳದಿದ್ದರೂ ಬಿಳಿಯದೊಂದು ಬಟ್ಟಲು ತುಂಬಿ
ಗೋಡೆಯಾಚೆ ಒಯ್ದೆ.
ಚಿಕ್ಕಮ್ಮ ಕಂಬಳಿಯೊಳಗಿಂದಲೇ ಒಂದು ಚಮಚ ಬಾಯಿಗಿಟ್ಟು
ಬಹಳ ಹೊತ್ತು ನುಂಗಲಿಲ್ಲ.
ಉಪ್ಪು ತರಲಾ?
ಬೇಡ.
ತಳದ ಕೊನೆಯ ಕಾಳಿನವರೆಗೆ
ಹಾಗೇ ಉಂಡಳು.